ಲೈನಿನ ಮೇಲೆ ಯಾರು?

(ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಎರಡು ಮಹಡಿಯ ಒಂದು ಆಡಿಟರ್ ಕಚೇರಿ. ಮಾತಾಡುವವರಲ್ಲಿ ಒಬ್ಬರು ಅಲ್ಲಿಯ ಮ್ಯಾನೇಜರು. ಕಲಬುರಗಿ ಕಡೆಯವರು, ರೈಲ್ವೆ ಕಂಟ್ರೋಲಿನಲ್ಲಿ ಸರ್ವಿಸ್ ಮುಗಿಸಿ ಇಲ್ಲಿ ಕೂತವರು. ಇನ್ನೊಬ್ಬಳು ಅವರ ಗೆಳೆಯರ ಮಗಳು. ನೃಪತುಂಗ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವವಳು.)

— ಬಾ ತಂಗಿ, ಕೂಡು. ರಾತ್ರಿ ವಂದೇ ಭಾರತಕ್ಕ ಬಂದಿ ಅಂತ ನಿಮ್ಮಪ್ಪ ಸಾಹಿತ್ಯ ಮಂದಿರದಾಗ ಸಿಕ್ಕಾಗ ಹೇಳಿದ. ಅವತ್ತೇ ನಿನ್ನ ಹಿಡೀಬೇಕಂತ ಮಾಡಿದ್ದೆ.

— ಹಿಡಿದೇ ಬಿಟ್ಟಿರಲ್ಲ ಕಾಕಾ. ಏನು ತೊಂದರೆ?

— ಬೋನಾಲು ಹಬ್ಬದಿಂದ ಈಚಿಗಿ ಮುಂಜಾನಿ ಹತ್ತು ಹೊಡೀತಂದ್ರ ಎಲ್ಲಾ ಕಂಪ್ಯೂಟರ್ ಕೈ ಕೊಡ್ತಾವ. ಪೂರ್ತಿ ನಿಂತ್ರೂ ಪಾಡಿತ್ತು. ಒಂದು ಗಳಿಗಿ ನಡೀತಾವ, ಒಂದು ಗಳಿಗಿ ಇಲ್ಲ. ಟ್ಯಾಲಿ ಅರ್ಧಕ್ಕ ತೆರೆದು ಹಂಗೇ ನಿಲ್ತದ. ಪ್ರಿಂಟ್ ಕೊಟ್ಟು ಚಹಾ ಕುಡಿದು ಬಂದ್ರೂ ಕಾಗದ ಬಂದಿರಂಗಿಲ್ಲ. ಮ್ಯಾಲಿನ ಮಹಡಿದಾಗ ಒಂದು ಎಕ್ಸ್‌ಪಿ ಮಷಿನ್ ಅದ, ಹಳೇ ಫಾಕ್ಸ್‌ಪ್ರೋ ಲೆಕ್ಕ ಎಲ್ಲಾ ಅದರಾಗೇ. ಅದರ ಮೌಸ್ ಸುದ್ದಾ ಅಲುಗಂಗಿಲ್ಲ. ಸಂಜಿ ಆರಕ್ಕ ಮಂದಿ ಮನಿಗಿ ಹೋದ್ರು ಅಂದ್ರ ಎಲ್ಲಾ ಬರೋಬರಿ!

— ಸಪ್ಲೈಯರ್ ಬಂದು ನೋಡಿದರಂತೆ?

— ನೋಡಿದ. ಐದು ನಿಮಿಷ ನೋಡಿ, ‘ನಿಮ್ಮ ನೆಟ್‌ವರ್ಕ್ ಹಳೇದಾಗ್ಯದ, ಕೇಬಲ್, ಸ್ವಿಚ್ ಎಲ್ಲಾ ಕಿತ್ತಿ ಹೊಸಾದು ಹಾಕ್ರಿ’ ಅಂತ ಎಸ್ಟಿಮೇಟ್ ಕೊಟ್ಟು ಹೋದ. ಸಾಹೇಬರು ಸಹಿ ಮಾಡ್ಲಿಕ್ಕ ಪೆನ್ನು ತೆಗೆದಿದ್ರು. ಎರಡು ದಿನ ತಡೀರಿ ಅಂದೆ.

— ಒಳ್ಳೆಯದಾಯಿತು. ಹಳೆಯದು ಅನ್ನುವುದು ರೋಗದ ಹೆಸರಲ್ಲ. ಬೋನಾಲು ಹಬ್ಬಕ್ಕೆ ಮುಂಚೆ ಇದೇ ಕೇಬಲ್ಲು, ಇದೇ ಸ್ವಿಚ್ಚು ನಡೆಯುತ್ತಿತ್ತಲ್ಲ? ಆ ಗೋಡೆಯ ಖಾಲಿ ಸಾಕೆಟ್‌ಗೆ ನನ್ನ ಲ್ಯಾಪ್‌ಟಾಪ್ ಹಚ್ಚುತ್ತೇನೆ. ವೈರ್‌ಶಾರ್ಕ್ ಅಂತ ಒಂದು ಪ್ರೋಗ್ರಾಂ, ದುಡ್ಡು ಕೊಡಬೇಕಿಲ್ಲ. ತಂತಿಯ ಮೇಲೆ ಹೋಗೋದನ್ನೆಲ್ಲ ಕೇಳಿಸಿಕೊಂಡು ಬರೆದಿಡುತ್ತೆ.

— ಬರೇ ಗ್ವಾಡಿಗಿ ಹಚ್ಚಿದ್ರ ಎಲ್ಲಾ ಕೇಳ್ತದೇನು? ಸ್ವಿಚ್ ಅಂದ್ರ ಒಬ್ಬರ ಮಾತು ಇನ್ನೊಬ್ಬರಿಗಿ ಕೇಳ್ಸಂಗಿಲ್ಲ ಅಂತ ಆ ಸಪ್ಲೈಯರ್ ಹುಡುಗ ಹೇಳ್ತಿದ್ದ.

— ಇಬ್ಬರ ನಡುವಿನ ಖಾಸಗಿ ಮಾತು ಕೇಳಿಸೋದಿಲ್ಲ, ನಿಜ. ಆದರೆ ನನಗೆ ಬೇಕಾದದ್ದು ಎಲ್ಲರಿಗೂ ಕೂಗಿ ಹೇಳುವ ಮಾತು. ಅದು ಯಾವ ಮೂಲೆಯಲ್ಲಿ ಕೂತರೂ ಬಂದೇ ಬರುತ್ತೆ. ಕಾಕಾ, ನೀವು ಕಂಟ್ರೋಲಿನಲ್ಲಿದ್ದಾಗ ಒಂದು ಲೈನಿನ ಮೇಲೆ ಎಷ್ಟು ಸ್ಟೇಷನ್ ಇರುತ್ತಿದ್ದವು?

— ಸೆಕ್ಷನ್ ತುಂಬ. ಒಂದೇ ಜೋಡಿ ತಂತಿ, ಅದರ ಮ್ಯಾಲೆ ಎಲ್ಲಾ ಸ್ಟೇಷನ್ ಮಾಸ್ತರ್‌ಗಳ ಫೋನು. ನಾ ಕಿವಿಗಿ ಹೆಡ್‌ಫೋನ್ ಸಿಗಿಸ್ಕೊಂಡು ಕುಂತ್ರ ಡ್ಯೂಟಿ ಮುಗಿಯೋತನಕ ತೆಗೀತಿದ್ದಿಲ್ಲ. ಒಬ್ಬ ಮಾಸ್ತರ್ ಬೇಕಂದ್ರ ಅವನ ಕೋಡ್ ಒತ್ತೋದು, ಅವನ ಸ್ಟೇಷನ್ದಾಗ ಮಾತ್ರ ಗಂಟಿ ಬಾರಿಸ್ತದ. ಉಳಿದವರು ಅವರ ಕೆಲಸ ಅವರು ನೋಡ್ಕೊಂತಾರ.

— ಎಲ್ಲರಿಗೂ ಒಂದೇ ಸಲ ಹೇಳಬೇಕಾದರೆ?

— ಜನರಲ್ ಕಾಲ್. ಎಲ್ಲಾ ಕಡೆ ಗಂಟಿ. ದಿನಾ 16 ಗಂಟೆಗಿ ಟೈಮ್ ಸಿಗ್ನಲ್ ಹೋಗೋದು, ಎಲ್ಲಾ ಸ್ಟೇಷನ್ನಿನವರು ಗಡಿಯಾರ ಸರಿ ಮಾಡ್ಕೊಳ್ಳೋರು. ಆ ಗಂಟಿ ಆದ್ರ ಮಾಸ್ತರ್ ಟಿಕೆಟ್ ಕೊಡ್ಲತ್ತಿರಲಿ, ಊಟಾ ಮಾಡ್ಲತ್ತಿರಲಿ, ಎದ್ದು ಫೋನ್ ಎತ್ತಲೇಬೇಕು. ತನಗ ಸಂಬಂಧ ಅದನೋ ಇಲ್ಲೋ ಅನ್ನೋದು ಎತ್ತಿದ ಮ್ಯಾಲೇ ಗೊತ್ತಾಗೋದು.

— ಇನ್ನು ನಾನು ಹೇಳಬೇಕಾದದ್ದು ಸ್ವಲ್ಪವೇ. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್ಟಿನ ಒಂದು ವಿಳಾಸ ಇದೆ, ಅದೇ ಅದರ ಕೋಡು. ಬೇರೆಯವರ ಹೆಸರಿಗೆ ಬಂದ ಚೌಕಟ್ಟನ್ನು, ಅಂದರೆ ಫ್ರೇಮನ್ನು, ಕಾರ್ಡೇ ಬಾಗಿಲಲ್ಲಿ ತಡೆದು ಬಿಸಾಡುತ್ತೆ. ಒಳಗಿರುವ ಪ್ರೊಸೆಸರ್‌ಗೆ ಸುದ್ದಿಯೂ ಹೋಗಲ್ಲ. ಆ 48 ಬಿಟ್ಟೂ ‘1’ ಆಗಿದ್ದರೆ ಅದು ನಿಮ್ಮ ಜನರಲ್ ಕಾಲ್. ಅದನ್ನು ತಡೆಯುವ ಅಧಿಕಾರ ಕಾರ್ಡಿಗಿಲ್ಲ. ಪ್ರೊಸೆಸರನ್ನು ಎಬ್ಬಿಸಿ ಕೈಗೆ ಕೊಡಲೇಬೇಕು. ಅದು ಮಾಡುತ್ತಿದ್ದ ಕೆಲಸ ಬಿಟ್ಟು, ಬಿಡಿಸಿ ನೋಡಿ, ‘ನನಗಲ್ಲ’ ಅಂತ ಬಿಸಾಡಬೇಕು.

— ಅದಕ್ಕೇ ಮ್ಯಾಲಿನ ಎಕ್ಸ್‌ಪಿ ಮಷಿನಿನ ಮೌಸ್ ನಿಂತದ್ದು! ಪಾಪ, ಫೋನ್ ಎತ್ತೋದರಾಗೇ ದಿನ ಹೋಗ್ಲತ್ತದ.

— ಹೌದು. ಹೊಸ ಮಷಿನ್ನು ಸಾವಿರ ಸಲ ಎತ್ತಿಟ್ಟರೂ ಬೆವರಲ್ಲ. ಹಳೆಯ ಪ್ರೊಸೆಸರ್‌ಗೆ ಅದೇ ದೊಡ್ಡ ಕೂಲಿ. ಜೋರು ಗದ್ದಲ ಇರುವ ಕಡೆ ಮೊದಲು ಬೀಳುವುದು ಹಳಬರೇ. ಅದಕ್ಕೇ ಗದ್ದಲ ಮಾಡುತ್ತಿರುವವರು ಅವರೇ ಅಂತ ಎಲ್ಲರೂ ತಿಳಿಯುತ್ತಾರೆ. ನಿಮ್ಮ ಸಪ್ಲೈಯರ್ ತಿಳಿದದ್ದೂ ಅದೇ.

— ಹಂಗಾದ್ರ ಈ ಜನರಲ್ ಕಾಲ್ ಪದ್ಧತಿನೇ ತೆಗೆದುಬಿಟ್ರ?

— ತೆಗೆದರೆ ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ಈ ಕಂಪ್ಯೂಟರಿಗೆ ಪ್ರಿಂಟರಿನ ಐಪಿ ನಂಬರ್ ಗೊತ್ತು, ಕಾರ್ಡಿನ ವಿಳಾಸ ಗೊತ್ತಿಲ್ಲ ಅನ್ನಿ. ‘ಈ ನಂಬರಿನವರು ಯಾರಪ್ಪಾ?’ ಅಂತ ಎಲ್ಲರಿಗೂ ಕೂಗುತ್ತೆ. ಆ ನಂಬರಿನವರು ಮಾತ್ರ ‘ನಾನು, ನನ್ನ ವಿಳಾಸ ಇದು’ ಅನ್ನುತ್ತಾರೆ. ಇದಕ್ಕೆ ಆರ್ಪ್ ಅಂತ ಹೆಸರು, 1982ರಲ್ಲಿ ಬರೆದಿಟ್ಟ ಪದ್ಧತಿ, ಇವತ್ತಿಗೂ ಬದಲಾಗಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ‘ನನಗೊಂದು ನಂಬರ್ ಕೊಡಿ’ ಅಂತ ಕೇಳುವುದೂ ಕೂಗಿಯೇ. ಯಾರನ್ನು ಕೇಳಬೇಕು ಅನ್ನುವುದೇ ಆಗ ಅದಕ್ಕೆ ಗೊತ್ತಿರುವುದಿಲ್ಲವಲ್ಲ. ಕೂಗುವುದು ತಪ್ಪಲ್ಲ ಕಾಕಾ. ಯಾರು, ಏನು, ಎಷ್ಟು ಸಲ ಕೂಗುತ್ತಿದ್ದಾರೆ, ಉತ್ತರ ಬಂತೋ ಇಲ್ಲವೋ, ಅದನ್ನು ನೋಡಬೇಕು. ಇರಿ, ಶುರುವಾಯಿತು.

— ಅಬ್ಬಾ! ಇದೇನು, ಪರದೆ ಇಷ್ಟು ಜೋರ್ ಓಡ್ಲತ್ತದ?

— ಸೆಕೆಂಡಿಗೆ 12,000 ದಾಟಿ 13,000ದ ಹತ್ತಿರ ಬ್ರಾಡ್‌ಕಾಸ್ಟು, ಅಂದರೆ ನಿಮ್ಮ ಜನರಲ್ ಕಾಲು. ಇಷ್ಟು ಚಿಕ್ಕ ಕಚೇರಿಯಲ್ಲಿ ಸೆಕೆಂಡಿಗೆ ಹತ್ತಿಪ್ಪತ್ತು ಇದ್ದರೆ ಮಾಮೂಲು.

— ವೈರಸ್ ಏನರ ಹೊಕ್ಕದೇನು?

— ಆ ಅನುಮಾನ ಸರಿಯಾದದ್ದೇ. ಹುಳ ಹೊಕ್ಕ ಮಷಿನ್ನು ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅಂತ ಹುಡುಕುತ್ತೆ. 1ರಿಂದ 254ರವರೆಗೆ ಒಂದೊಂದೇ ನಂಬರ್ ಹಿಡಿದು ‘ನೀ ಇದ್ದೀಯಾ, ನೀ ಇದ್ದೀಯಾ’ ಅಂತ ಆರ್ಪ್ ಕೂಗುತ್ತೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಬಂದು, ಅದರ ಬೆನ್ನಿಗೇ ವೆಲ್ಚಿಯಾ ಬಂದಾಗ ಎಷ್ಟೋ ಕಚೇರಿಗಳು ಹೀಗೇ ಮಲಗಿದ್ದವು. ಹಾಗಿದ್ದರೆ ಕೇಳುವವನು ಒಬ್ಬನೇ ಇದ್ದು, ಪ್ರಶ್ನೆ ಮಾತ್ರ ಸಾಲಾಗಿ ಬದಲಾಗುತ್ತಿರಬೇಕಿತ್ತು. ಇಲ್ಲಿ ನೋಡಿ, ತಿರುವುಮುರುವು. ಕೇಳುವವರು ಹಲವರು, ಆದರೆ ಪ್ರಶ್ನೆ ಹಳೆಯದೇ. ಇದು ನಿಮ್ಮ ಕ್ಯಾಷಿಯರ್ ಮಷಿನ್ನಿನದು. ಈ ಕಾಲಂ ಓದಿ.

— ನಂಬರ್ ಅದ. ತೆಳಗಿನ ಸಾಲಿಗೂ ಅದೇ ನಂಬರ್. ಅದರ ತೆಳಗೂ ಅದೇ.

— ಅದು ಪ್ಯಾಕೆಟ್ಟಿನ ಗುರುತಿನ ಸಂಖ್ಯೆ. ಕಂಪ್ಯೂಟರ್ ಹೊಸದಾಗಿ ಒಂದು ಪ್ಯಾಕೆಟ್ ಬಿಟ್ಟರೆ ಈ ಸಂಖ್ಯೆ ಮುಂದಕ್ಕೆ ಹೋಗುತ್ತೆ. ಇಲ್ಲಿ ಸಾವಿರಾರು ಸಾಲು, ಸಂಖ್ಯೆ ಅದೇ. ಅಂದರೆ ಕ್ಯಾಷಿಯರ್ ಮಷಿನ್ ಕೇಳಿದ್ದು ಒಂದೇ ಸಲ. ಆ ಒಂದು ಕೂಗು ಎಲ್ಲೋ ಸುತ್ತುಹಾಕುತ್ತಾ ನಮ್ಮ ಮುಂದೆ ಮತ್ತೆ ಮತ್ತೆ ಹಾಯ್ದುಹೋಗುತ್ತಿದೆ. ಲೂಪ್ ಆಗಿದೆ ಕಾಕಾ.

— ತಾನಾಗೇ ಸಾಯಂಗಿಲ್ಲೇನು ಅದು?

— ಸಾಯಲ್ಲ. ಇಂಟರ್ನೆಟ್ಟಿನ ಮೇಲೆ ಹೋಗುವ ಐಪಿ ಪ್ಯಾಕೆಟ್ಟಿಗೆ ಆಯಸ್ಸು ಬರೆದಿರುತ್ತೆ. ಪ್ರತಿ ರೌಟರ್ ದಾಟುವಾಗ ಒಂದು ಕಳೆಯುತ್ತಾ ಸೊನ್ನೆಯಾದಾಗ ಬಿಸಾಡುತ್ತಾರೆ. ಈಥರ್‌ನೆಟ್ ಫ್ರೇಮಿಗೆ ಆ ಅಂಕಣವೇ ಇಲ್ಲ. ಸ್ವಿಚ್ಚಿನ ನಿಯಮ ಇಷ್ಟೇ: ಬ್ರಾಡ್‌ಕಾಸ್ಟ್ ಬಂದರೆ, ಬಂದ ಬಾಗಿಲು ಬಿಟ್ಟು ಉಳಿದ ಎಲ್ಲಾ ಬಾಗಿಲಿಂದ ಹೊರಗೆ ಕಳಿಸು. ದಾರಿ ಉಂಗುರವಾಗಿದ್ದರೆ ಅದೇ ಫ್ರೇಮು ಇನ್ನೊಂದು ಬಾಗಿಲಿಂದ ಒಳಗೆ ಬರುತ್ತೆ, ಮತ್ತೆ ಎಲ್ಲಾ ಕಡೆ ಹೋಗುತ್ತೆ. ಕರೆಂಟು ತೆಗೆಯುವವರೆಗೆ ಇದೇ ಕಥೆ.

— ಇದನ್ನ ಮಾಡಿದವರಿಗಿ ಇಷ್ಟು ಹೊಳೀಲಿಲ್ಲೇನು?

— ಮಾಡಿದಾಗ ಬೇಕಿರಲಿಲ್ಲ. 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ಬಾಬ್ ಮೆಟ್‌ಕಾಫ್ ಈಥರ್‌ನೆಟ್ಟಿನ ಕಲ್ಪನೆ ಬರೆದಾಗ ಇದ್ದದ್ದು ಒಂದು ಉದ್ದನೆ ಕೇಬಲ್, ಅದರ ಮೇಲೆ ಎಲ್ಲರೂ. ಎರಡು ತುದಿ ಇರುವ ತಂತಿಯಲ್ಲಿ ಸುತ್ತುವುದು ಎಲ್ಲಿಂದ ಬಂತು?

— ನಮ್ಮಲ್ಲೂ ಮೊದಲು ಹಂಗೇ ಇತ್ತು! ಕರೀ ಕೇಬಲ್, ಟಿವಿದು ಇರ್ತದಲ್ಲ ಹಂಗ. ಪ್ರತಿ ಕಂಪ್ಯೂಟರಿನ ಹಿಂದ ಇಂಗ್ಲಿಷ್ ‘ಟಿ’ ಆಕಾರದ್ದು ಒಂದು, ಎರಡೂ ತುದಿಗಿ ಒಂದೊಂದು ಟೋಪಿ. ಕಸಾ ಹೊಡ್ಯಾಕಿ ಒಮ್ಮೆ ಟೋಪಿ ಕಿತ್ತಿ ಇಟ್ಟಿದ್ಲು, ಇಡೀ ಆಫೀಸ್ ಬಂದ್!

— ಆ ಟೋಪಿಯೇ ಟರ್ಮಿನೇಟರ್, 50 ಓಮ್‌ನದು. ಆ ಕೇಬಲ್ ಒಂದು ತುಂಡು 185 ಮೀಟರ್ ದಾಟಬಾರದು ಅಂತ ನಿಯಮ. ಆಮೇಲೆ ಹಬ್ ಬಂತು, ಆಮೇಲೆ ಸ್ವಿಚ್. ಮೊದಲ ಈಥರ್‌ನೆಟ್ ಸ್ವಿಚ್ 1990ರದು, ಏಳು ಬಾಗಿಲಿನದು. ಅದನ್ನು ಮಾಡಿದ ಕಂಪನಿಯ ಹೆಸರು ಕಲ್ಪನಾ. ವಿನೋದ್ ಭಾರದ್ವಾಜ್ ಅನ್ನುವವರು ಅಮೆರಿಕದಲ್ಲಿ ಒಬ್ಬ ಪಾಲುದಾರರ ಜೊತೆ ಕಟ್ಟಿದ್ದು. ಇಟ್ಟದ್ದು ಹೆಂಡತಿಯ ಹೆಸರು. 1994ರಲ್ಲಿ ಸಿಸ್ಕೋದವರು ಕೊಂಡುಕೊಂಡರು.

— ಹೆಂಡತಿ ಹೆಸರು ಇಟ್ಟಾರಂದ್ರ ಮಷಿನ್ ಛಲೋನೇ ಇರಬೇಕು. ಹಂಗಾದ್ರ ಸ್ವಿಚ್ ಬಂದ ಮ್ಯಾಲೆ ಈ ಸುತ್ತೋ ರೋಗ ಹತ್ತಿತು.

— ಅದಕ್ಕೂ ಮುಂಚೆ, ಬ್ರಿಜ್ ಅನ್ನುವ ಪೆಟ್ಟಿಗೆಗಳ ಕಾಲಕ್ಕೇ. ಮದ್ದೂ ಆಗಲೇ ಬಂತು. 1985ರಲ್ಲಿ ಡಿಜಿಟಲ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಅನ್ನುವವರು ಸ್ಪ್ಯಾನಿಂಗ್ ಟ್ರೀ ಅಂತ ಒಂದು ಉಪಾಯ ಮಾಡಿದರು. ಅದರ ಬಗ್ಗೆ ಒಂದು ಪದ್ಯವನ್ನೂ ಬರೆದಿದ್ದಾರೆ. ಸ್ವಿಚ್ಚುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಉಂಗುರ ಎಲ್ಲಿದೆ ಅಂತ ಕಂಡುಹಿಡಿದು, ಒಂದು ದಾರಿಯನ್ನು ತಾವೇ ಮುಚ್ಚುತ್ತವೆ. ಇದ್ದ ದಾರಿ ಕಡಿದುಹೋದರೆ ಮುಚ್ಚಿದ್ದನ್ನು ತೆರೆಯುತ್ತವೆ. ಆದರೆ ಅಗ್ಗದ ಪೆಟ್ಟಿಗೆಯಲ್ಲಿ ಇದು ಇರಲ್ಲ. ನಿಮ್ಮದರಲ್ಲಿ ಇಲ್ಲ.

— ಹಂಗಂದ್ರ ದುಬಾರಿ ಸ್ವಿಚ್ ಹಾಕಿದ್ರ ಚಿಂತಿ ಇಲ್ಲ?

— ಹಾಗೂ ಹೇಳಲಾರೆ. ಬಾಸ್ಟನ್ನಿನಲ್ಲಿ ಬೆತ್ ಇಸ್ರೇಲ್ ಅಂತ ದೊಡ್ಡ ಆಸ್ಪತ್ರೆ. 2002ರ ನವೆಂಬರಿನಲ್ಲಿ ಅವರ ಇಡೀ ನೆಟ್‌ವರ್ಕ್ ಕುಸಿದು, ಡಾಕ್ಟರು ನರ್ಸುಗಳು ಹಲವು ದಿನ ಕಾಗದ ಪೆನ್ನು ಹಿಡಿದು ಕೆಲಸ ಮಾಡಬೇಕಾಯಿತು. ಅಲ್ಲಿ ಬೆಲೆಬಾಳುವ ಸಾಮಾನೂ ಇತ್ತು, ಸ್ಪ್ಯಾನಿಂಗ್ ಟ್ರೀಯೂ ಇತ್ತು. ವರ್ಷವರ್ಷಕ್ಕೂ ಒಂದಕ್ಕೊಂದು ಜೋಡಿಸುತ್ತಾ ಹೋಗಿ ನೆಟ್‌ವರ್ಕು ಆ ಉಪಾಯದ ಅಳತೆಯನ್ನೇ ಮೀರಿ ಬೆಳೆದಿತ್ತು. ಅವರ ದೊಡ್ಡ ಅಧಿಕಾರಿಯೇ ಆಮೇಲೆ ಇದನ್ನು ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಅದು ನನಗೆ ಮೆಚ್ಚುಗೆಯಾದ ಸಂಗತಿ. ನಮ್ಮ ಕಸುಬಿನಲ್ಲಿ ಸಾಮಾನ್ಯವಾಗಿ ರಾತ್ರಿ ರಿಪೇರಿ ಮಾಡಿ ಬೆಳಿಗ್ಗೆ ‘ಕೇಬಲ್ ಪ್ರಾಬ್ಲಂ’ ಅಂತ ಹೇಳಿ ಮುಗಿಸುತ್ತಾರೆ.

— ಒಂದು ಮಾತು ತಿಳೀಲಿಲ್ಲ ತಂಗಿ. ಹಳೇ ಮಷಿನ್ ಫೋನ್ ಎತ್ತಿ ಎತ್ತಿ ಸುಸ್ತಾತು, ಒಪ್ಪಿದೆ. ಹೊಸಾವು ಯಾಕ ಒದ್ದಾಡ್ಲತ್ತಾವ? ಸಾಹೇಬರದು ಹೋದ ವರ್ಷ ತಂದದ್ದು.

— ಒಳ್ಳೆಯ ಪ್ರಶ್ನೆ. ಸ್ವಿಚ್ಚಿಗೆ ಯಾವ ಕಂಪ್ಯೂಟರ್ ಯಾವ ಬಾಗಿಲಲ್ಲಿದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಬರುವ ಫ್ರೇಮಿನ ಮೇಲೆ ‘ಕಳಿಸಿದವರು’ ಯಾರು ಅಂತ ಓದಿ, ‘ಓ, ಇವರು ಈ ಬಾಗಿಲಿನವರು’ ಅಂತ ಪಟ್ಟಿ ಮಾಡಿಕೊಳ್ಳುತ್ತೆ. ಈಗ ಸಾಹೇಬರ ಮಷಿನ್ ಮೂರನೇ ಬಾಗಿಲಿಂದ ಒಂದು ಕೂಗು ಹಾಕಿತು ಅನ್ನಿ. ಅದು ಸುತ್ತಿಕೊಂಡು ಹದಿನೇಳನೇ ಬಾಗಿಲಿಂದ ವಾಪಸ್ ಬಂತು, ಮೇಲೆ ಸಾಹೇಬರದೇ ವಿಳಾಸ. ಸ್ವಿಚ್ಚು ಪಟ್ಟಿ ತಿದ್ದುತ್ತೆ: ಸಾಹೇಬರು ಹದಿನೇಳಕ್ಕೆ ಹೋದರು. ಅವರಿಗೆ ಬರಬೇಕಾದ ಟ್ಯಾಲಿ ಡೇಟಾ ಎಲ್ಲ ಹದಿನೇಳಕ್ಕೆ. ಮತ್ತೆ ಸಾಹೇಬರ ಮಷಿನ್ ಏನೋ ಕಳಿಸಿತು, ಪಟ್ಟಿ ಮೂರಕ್ಕೆ ಬಂತು. ಅದಕ್ಕೇ ಒಂದು ಗಳಿಗೆ ನಡೆಯುತ್ತೆ, ಒಂದು ಗಳಿಗೆ ಇಲ್ಲ.

— ಶಹಾಬಾದಿನ ಮಾಸ್ತರ್ ವಾಡಿಯಿಂದ ಮಾತಾಡಿದಂಗ. ಹಂಗಾದ್ರ ಗಾಡಿ ಎಲ್ಲಿ ಅದ ಅಂತ ಚಾರ್ಟ್ ಮ್ಯಾಲೆ ಬರೆಯೋದು ಹೆಂಗ! ಆಯ್ತು, ಉಂಗುರ ಎಲ್ಲಿ ಅದ? ಎರಡು ಮಹಡಿ, ಇಷ್ಟು ತಂತಿ. ಅರ್ಧರ್ಧ ಕಿತ್ತಿ ನೋಡೋಣೇನು? ಲೈನ್ ಫಾಲ್ಟ್ ಆದ್ರ ನಮ್ಮ ಟೆಲಿಕಾಂನವರು ಹಂಗೇ ಮಾಡ್ತಿದ್ರು: ನಡುವಿನ ಸ್ಟೇಷನ್ದಾಗ ತುಂಡು ಮಾಡಿ, ಫಾಲ್ಟ್ ಈ ಕಡಿನೋ ಆ ಕಡಿನೋ ನೋಡೋದು. ಆಮ್ಯಾಲೆ ಆ ಅರ್ಧದ ಅರ್ಧ.

— ಅದೇ ಸರಿಯಾದ ದಾರಿ. ಆದರೆ ಮಂದಿ ಕೆಲಸ ಮಾಡುತ್ತಿದ್ದಾರೆ, ಕಿತ್ತರೆ ಬೈಯುತ್ತಾರೆ. ಕೀಳುವ ಮೊದಲು ಎಣಿಕೆಯನ್ನೇ ಇನ್ನಷ್ಟು ಕೇಳೋಣ. ನಿಮ್ಮ ದೊಡ್ಡ ಸ್ವಿಚ್ಚು 100 ಮೆಗಾಬಿಟ್ಟಿನದು. ಅತಿ ಚಿಕ್ಕ ಫ್ರೇಮು 64 ಬೈಟು. ಮುಂದಿನ ಪೀಠಿಕೆ 8, ಎರಡು ಫ್ರೇಮಿನ ನಡುವೆ ಬಿಡಬೇಕಾದ ಜಾಗ 12 ಸೇರಿದರೆ 84 ಬೈಟು, ಅಂದರೆ 672 ಬಿಟ್ಟು. ಉಂಗುರ ಈ ಸ್ವಿಚ್ಚಿನದೇ ಆಗಿದ್ದರೆ ಸೆಕೆಂಡಿಗೆ 1,48,800ರ ತನಕ ಹೋಗಬಹುದಿತ್ತು. ನನ್ನ ಲ್ಯಾಪ್‌ಟಾಪೂ ಮಲಗುತ್ತಿತ್ತು. ಇದು 13,000ದಲ್ಲಿ ನಿಂತಿದೆ, ಮೇಲೆ ಏರುತ್ತಲೇ ಇಲ್ಲ. 10 ಮೆಗಾಬಿಟ್ಟಿನ ತಂತಿಯಲ್ಲಿ ಎಷ್ಟು ಹೋಗಬಹುದು ಲೆಕ್ಕ ಹಾಕಿ.

— ಹತ್ತರಲ್ಲಿ ಒಂದು ಪಾಲು... 14,880.

— ಎಲ್ಲವೂ ಚಿಕ್ಕ ಫ್ರೇಮಲ್ಲ, ಕೆಲವು ಸ್ವಲ್ಪ ದಪ್ಪ ಇವೆ. ಹಾಗಾಗಿ 13,000. ಇದು 10 ಮೆಗಾಬಿಟ್ಟಿನ ಕಿರಿದಾದ ಬಾಗಿಲಿಂದ ಹೊರಬರುತ್ತಿರುವ ಪ್ರವಾಹ. ದೊಡ್ಡ ಸ್ವಿಚ್ಚಿನ ಹತ್ತಿರ ಹೋಗೋಣ. ಇದರಲ್ಲಿ 100 ಅಂದರೆ ಹಸಿರು ದೀಪ, 10 ಅಂದರೆ ಹಳದಿ. ಹಳದಿ ಎಷ್ಟಿವೆ?

— ಮೂರು. ಒಂದು ಪ್ರಿಂಟರಿನ ಡಬ್ಬಿ. ಇನ್ನೊಂದು ಹಾಜರಿ ಮಷಿನ್, ಬೆರಳು ಒತ್ತೋದು. ಮೂರನೇದು... ರಿಸೆಪ್ಷನ್. ಅಯ್ಯೋ, ರಿಸೆಪ್ಷನ್ ಹುಡುಗಿ ಬರೋದೇ ಹತ್ತಕ್ಕ! ಬಂದವಳೇ ಟೇಬಲ್ ತೆಳಗಿನ ಪ್ಲಗ್ ಬೋರ್ಡ್ ಹಾಕ್ತಾಳ, ಸಂಜಿ ಹೋಗೋವಾಗ ತೆಗೀತಾಳ.

— ನಿಮ್ಮ ಮೊದಲನೇ ಮಾತಿನಲ್ಲೇ ಉತ್ತರ ಇತ್ತು. ಹತ್ತರಿಂದ ಆರು.

— ಸರಿ, ಬಗ್ಗು. ನನ್ನ ಮೊಳಕಾಲು ಬಗ್ಗಂಗಿಲ್ಲ. ಏನದ ತೆಳಗ?

— ಐದು ಬಾಗಿಲಿನ ಒಂದು ಕರೀ ಡಬ್ಬಿ, ಧೂಳು ಹಿಡಿದಿದೆ. ನೋಡಲು ಹಬ್ಬಿನ ಹಾಗಿದೆ, ಸ್ವಿಚ್ಚೇ, 10 ಮೆಗಾಬಿಟ್ಟಿನ ಕಾಲದ್ದು. ಗೋಡೆಯಿಂದ ಒಂದು ಕೇಬಲ್ ಬಂದಿದೆ. ಇನ್ನೊಂದು ಕೇಬಲ್ಲಿನ ಎರಡೂ ತುದಿ ಇದೇ ಡಬ್ಬಿಯೊಳಗೆ! ಒಂದು ತುದಿ ಸಾದಾ ಬಾಗಿಲಿಗೆ, ಇನ್ನೊಂದು ‘ಅಪ್‌ಲಿಂಕ್’ ಅಂತ ಬರೆದಿರುವುದಕ್ಕೆ. ಇಷ್ಟು ಹಳೆಯ ಡಬ್ಬಿಯಲ್ಲಿ ಎರಡು ಸಾದಾ ಬಾಗಿಲಿಗೆ ಸಾದಾ ಕೇಬಲ್ ಸೇರಿಸಿದ್ದರೆ ಏನೂ ಆಗುತ್ತಿರಲಿಲ್ಲ, ತಂತಿ ಅದಲುಬದಲಾಗದೆ ಲಿಂಕೇ ಹತ್ತುವುದಿಲ್ಲ. ಅಪ್‌ಲಿಂಕ್ ಬಾಗಿಲಿನೊಳಗೆ ಆ ಅದಲುಬದಲು ಮೊದಲೇ ಆಗಿರುತ್ತೆ. ಅಲ್ಲಿಗೇ ಹೋಗಿ ಬಿದ್ದಿದೆ ನೋಡಿ ಗ್ರಹಚಾರ.

— ಬೋನಾಲುಕ್ಕ ಮುಂಚೆ ಆಫೀಸ್ ತೊಳೆಸಿದ್ವಿ. ಆ ಹುಡುಗಿ ಲ್ಯಾಪ್‌ಟಾಪ್ ವೈಫೈ ಮ್ಯಾಲೆ ನಡೀತದ, ಅವಳ ಕೇಬಲ್ ಸುಮ್ಮನ ಬಿದ್ದಿತ್ತು. ಯಾರೋ ಒಳ್ಳೇ ಮನಸ್ಸಿಲಿಂದ ಬಿದ್ದದ್ದು ಎತ್ತಿ ಖಾಲಿ ತೂತಿಗಿ ಸಿಗಿಸ್ಯಾರ.

— ಕೀಳಲಾ?

— ಕೀಳು.

— ಪರದೆ ನೋಡಿ ಹೇಳಿ ಕಾಕಾ.

— ನಿಂತುಬಿಟ್ಟಿತು. 13,000 ಇದ್ದದ್ದು... 40, 35. ಎಲಾ! ಮ್ಯಾಲಿಂದ ಕೇಳಸ್ಲತ್ತದೇನು, ಡಾಟ್ ಮ್ಯಾಟ್ರಿಕ್ಸ್ ಒಂದೇ ಸವನ ಹೊಡೀಲತ್ತದ, ಎಲ್ಲಾ ನಿಂತ ಪ್ರಿಂಟ್ ಈಗ ಬರ್ಲತ್ತಾವ. ಬಾ, ಚಹಾ ಹೇಳ್ತೀನಿ.

— ಹೇಳಿ. ಆದರೆ 35 ಕೂಡ ಈ ಕಚೇರಿಗೆ ಜಾಸ್ತಿಯೇ. ಈಗ ಪ್ರವಾಹ ಇಳಿದಿದೆ, ಒಬ್ಬೊಬ್ಬರ ದನಿ ಬೇರೆಬೇರೆಯಾಗಿ ಕೇಳುತ್ತೆ. ನಿಜ ಹೇಳಬೇಕೆಂದರೆ ನನಗೆ ರುಚಿಸುವ ಕೆಲಸ ಇನ್ನು ಮುಂದಿನದು. ಲೂಪ್ ಅಂದರೆ ಒಂದು ಅಪಘಾತ ಅಷ್ಟೇ. ಈ ಸಣ್ಣ ಗೊಣಗಾಟದಲ್ಲಿ ಕಚೇರಿಯ ಇಡೀ ಚರಿತ್ರೆ ಇರುತ್ತೆ. ಇದನ್ನು ನೋಡಿ, ನಿಮಿಷಕ್ಕೊಮ್ಮೆ ತಪ್ಪದೆ ಬರುತ್ತಿದೆ, ನಿಮ್ಮ ಪ್ರಿಂಟರಿನ ಡಬ್ಬಿಯದು. ‘ನಾನು ಪ್ರಿಂಟ್ ಸರ್ವರ್, ಇಲ್ಲಿದ್ದೇನೆ’ ಅಂತ ಐಪಿಎಕ್ಸ್ ಭಾಷೆಯಲ್ಲಿ. ಅದೂ ನಾಲ್ಕು ಬಗೆಯ ಫ್ರೇಮಿನಲ್ಲಿ, ಯಾವುದಾದರೂ ಒಂದು ಕೇಳಿಸಲಿ ಅಂತ. ಇಲ್ಲಿ ಯಾವತ್ತಾದರೂ ನೋವೆಲ್ ನೆಟ್‌ವೇರ್ ಇತ್ತಾ?

— ನಾ ಬರೋಕಿಂತ ಮೊದಲು ಇತ್ತಂತ. ಆ ಸರ್ವರ್ ಗುಜರಿಗಿ ಹೋಗಿ ಯಾವ ಕಾಲ ಆಯ್ತೋ!

— ಈ ಡಬ್ಬಿಗೆ ಅದನ್ನು ಯಾರೂ ಹೇಳಿಲ್ಲ. ಇದರಿಂದ ಕೇಡೇನಿಲ್ಲ, ನಿಮಿಷಕ್ಕೆ ನಾಲ್ಕು ಮಾತು. ಸೆಟ್ಟಿಂಗಿನಲ್ಲಿ ಐಪಿಎಕ್ಸ್ ಮುಚ್ಚಿದರೆ ಸುಮ್ಮನಾಗುತ್ತೆ. ಇನ್ನು ಇದು ತಮಾಷೆಯದು: ಮೇಲಿನ ಎಕ್ಸ್‌ಪಿ ಚುನಾವಣೆ ಕರೆದಿದೆ.

— ಏನ್ ಕರೆದದ?

— ಚುನಾವಣೆ. ‘ನೆಟ್‌ವರ್ಕ್ ನೈಬರ್‌ಹುಡ್’ ತೆರೆದರೆ ಕಂಪ್ಯೂಟರುಗಳ ಹೆಸರಿನ ಪಟ್ಟಿ ಬರುತ್ತಿತ್ತಲ್ಲ, ಆ ಪಟ್ಟಿ ಇಟ್ಟುಕೊಳ್ಳಲು ತಮ್ಮೊಳಗೆ ಒಬ್ಬ ಮುಖಂಡನನ್ನು ಆರಿಸಿಕೊಳ್ಳುತ್ತವೆ. ವಿಂಡೋಸ್‌ನ ದರ್ಜೆ, ಆವೃತ್ತಿ ಮೊದಲು ನೋಡುತ್ತವೆ. ಸಮ ಬಂದರೆ ಯಾರು ಹೆಚ್ಚು ಹೊತ್ತಿನಿಂದ ಎದ್ದಿದ್ದಾರೋ ಅವರು. ಅಲ್ಲೂ ಸಮವಾದರೆ ಅಕ್ಷರಮಾಲೆಯಲ್ಲಿ ಹೆಸರು ಮೊದಲು ಬರುವವರು. ಪ್ರಚಾರ, ಮತದಾನ ಎಲ್ಲ ಬ್ರಾಡ್‌ಕಾಸ್ಟಿನಲ್ಲೇ. 2017ರ ನಂತರದ ವಿಂಡೋಸ್ 10ಗಳಲ್ಲಿ ಈ ಹಳೆಯ ಪದ್ಧತಿ ತಾನಾಗಿ ಹಾಕಿಕೊಂಡು ಬರುವುದಿಲ್ಲ.

— ನಮ್ಮ ಸೊಸೈಟಿ ಎಲೆಕ್ಷನ್ನಕಿಂತ ಪಾಡು ಅದ. ಹೆಚ್ಚು ಹೊತ್ತು ಎಚ್ಚರ ಇದ್ದವರೇ ಮುಖಂಡರು!

— ಈಗ ಮುಖ್ಯವಾದದ್ದು. 35ರಲ್ಲಿ ದೊಡ್ಡ ಪಾಲು ಇದು, 137ನೇ ಪೋರ್ಟಿನ ಪ್ರಶ್ನೆ. ಹೆಚ್ಚೂಕಡಿಮೆ ಎಲ್ಲಾ ಮಷಿನ್ನೂ ಕೇಳುತ್ತಿವೆ. ಒಂದೇ ಹೆಸರು: ‘ಮೇನ್‌ಸರ್ವರ್ ಎಲ್ಲಿದ್ದೀಯಾ?’ ಉತ್ತರ ಇಲ್ಲ. ಮುಕ್ಕಾಲು ಸೆಕೆಂಡ್ ಕಾದು ಮತ್ತೆ ಕೇಳುತ್ತವೆ. ಮೂರು ಸಲ ಕೇಳಿ ಸುಮ್ಮನಾಗುತ್ತವೆ. ಯಾರೋ ಮತ್ತೊಂದು ಫೋಲ್ಡರ್ ತೆರೆದ ಕೂಡಲೇ ಪುನಃ ಶುರು.

— ಮೇನ್‌ಸರ್ವರ್! ಅದು ಕೊರೊನಾ ವರ್ಷದಾಗ ಸುಟ್ಟು ಹೋಯ್ತು. ಹೊಸದಕ್ಕ ಬ್ಯಾರೆ ಹೆಸರು ಇಟ್ಟಾರ.

— ಆದರೆ ಎಲ್ಲರ ಕಂಪ್ಯೂಟರಿನಲ್ಲಿ ‘ಝಡ್ ಡ್ರೈವ್’ ಅಂತ ಕೆಂಪು ಗುರುತಿನದೊಂದು ಇದೆಯಲ್ಲ, ಅದು ಇನ್ನೂ ಆ ಹೆಸರಿಗೇ ಕಟ್ಟಿದೆ. ಮೇಲಿನವರು ‘ಮೈ ಕಂಪ್ಯೂಟರ್ ತೆರೆಯೋಕೆ ಹೊತ್ತಾಗುತ್ತೆ’ ಅಂತ ಹೇಳುತ್ತಿರಬೇಕಲ್ಲ?

— ಹೇಳ್ತಾರ. ಹೊಟ್ಟಿ ನೋವು ಅಂದಂಗ ದಿನಾ ಹೇಳ್ತಾರ, ನಾವು ಕೇಳದಂಗ ಆಗೀವಿ.

— ಅದು ಲೂಪಿನಿಂದ ಬಂದದ್ದಲ್ಲ, ಮೂರು ಸಲ ಕೂಗಿ ಕಾಯುವ ಹೊತ್ತು. ಎರಡು ದಾರಿ ಇವೆ. ಒಂದು, ಹೊಸ ಸರ್ವರಿಗೇ ‘ಮೇನ್‌ಸರ್ವರ್’ ಅಂತ ಎರಡನೇ ಹೆಸರು ಕೊಡುವುದು. ಕೇಳಿದವರಿಗೆ ‘ನಾನೇ’ ಅಂತ ಉತ್ತರ ಸಿಗುತ್ತೆ, ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ, ಗದ್ದಲ ಇಳಿಯುತ್ತೆ. ಒಂದೇ ಕಡೆ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಸಿ ಹೋಗುತ್ತೇನೆ.

— ಬ್ಯಾಡ.

— ಯಾಕೆ ಕಾಕಾ? ಎಲ್ಲಾ ಕಡೆ ಮಾಡುವ ರೂಢಿಯೇ.

— ಸತ್ತವನ ಹೆಸರಿಗಿ ಇನ್ನೊಬ್ಬ ಹಾಜರಿ ಹಾಕೋದು ಅದು. ನಾಳೆ ಈ ಸರ್ವರೂ ಹೋಗ್ತದ. ಆಗ ಬಂದವನಿಗಿ ಯಾವ ಹೆಸರು ಯಾರದು ಅಂತ ತಿಳೀತದೇನು? ಸ್ಟೇಷನ್ ಮುಚ್ಚಿದ್ರ ಅದರ ಕೋಡ್ ಬೋರ್ಡ್ ಮ್ಯಾಲಿಂದ ತೆಗೀಬೇಕು, ಪಕ್ಕದವನಿಗಿ ಹೊಂದಿಸಿ ಕೊಡಬಾರದು. ಎರಡನೇ ದಾರಿ ಏನು, ಅದನ್ನ ಹೇಳು.

— ಪ್ರತಿ ಕಂಪ್ಯೂಟರಿನ ಮುಂದೆ ಕೂತು ಝಡ್ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್‌ಕನೆಕ್ಟ್’ ಒತ್ತುವುದು. ಆಮೇಲೆ ಹಳೆಯ ಶಾರ್ಟ್‌ಕಟ್ಟುಗಳು, ಹಳೆಯ ಪ್ರಿಂಟರುಗಳು, ಎಲ್ಲ ಹುಡುಕಿ ಅಳಿಸುವುದು. ಎರಡು ಮಹಡಿ ಹತ್ತಿ ಇಳಿಯಬೇಕು. ಯಾರ ಯಾವ ಫೈಲು ಎಲ್ಲಿ ಕಟ್ಟಿದೆಯೋ ಗೊತ್ತಿಲ್ಲ, ಯಾವುದೋ ಎಕ್ಸೆಲ್ ಶೀಟ್ ಹಳೆಯ ದಾರಿಯನ್ನು ಹಿಡಿದು ಕೂತಿರುತ್ತೆ.

— ಅದು ನನ್ನ ಕೆಲಸ. ಮೊಳಕಾಲು ಬಗ್ಗಂಗಿಲ್ಲ ಅಂದೆ, ಮೆಟ್ಟಿಲು ಹತ್ತಂಗಿಲ್ಲ ಅಂದಿಲ್ಲ. ದಿನಕ್ಕ ನಾಕು ಮಷಿನ್. ಒಂದು ನೋಟ್‌ಬುಕ್ಕಿನಾಗ ಬರ್ಕೋತೀನಿ, ಯಾವ ಗ್ವಾಡಿ ಸಾಕೆಟ್, ಯಾವ ಬಾಗಿಲು, ಯಾರ ಮಷಿನ್.

— ಆ ನೋಟ್‌ಬುಕ್ ನಮ್ಮ ಎಷ್ಟೋ ದೊಡ್ಡ ಕಂಪನಿಗಳಲ್ಲಿಲ್ಲ. ಬರೆದರೆ ಒಂದು ಪ್ರತಿ ಸ್ವಿಚ್ಚಿನ ಪಕ್ಕದಲ್ಲೇ ನೇತುಹಾಕಿ. ಇನ್ನೊಂದು ಮಾತು, ಮೇಲಿನ ಎಕ್ಸ್‌ಪಿ.

— ಅದನ್ನ ತೆಗಿ ಅನ್ನಬ್ಯಾಡ. ಹಳೇ ಗಿರಾಕಿಗಳ ಲೆಕ್ಕ ಎಲ್ಲಾ ಅದರಾಗ ಅದ.

— ತೆಗೆಯಬೇಡಿ, ಬೇಲಿ ಹಾಕಿ. 2014ರ ಏಪ್ರಿಲ್ 8ಕ್ಕೆ ಅದರ ರಕ್ಷಣೆಯ ತಿದ್ದುಪಡಿಗಳು ನಿಂತವು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ಹುಳ ಹರಡಿದ್ದು ಫೈಲ್ ಹಂಚಿಕೊಳ್ಳುವ ಹಳೆಯ ಪದ್ಧತಿಯ ಬಾಗಿಲಿಂದಲೇ. ಆ ಎಕ್ಸ್‌ಪಿಯೂ, ಹಾಜರಿ ಮಷಿನ್ನೂ ಬೇರೆ ಒಂದು ವಿಲ್ಯಾನಿನಲ್ಲಿ ಇರಲಿ. ಒಂದೇ ಸ್ವಿಚ್ಚಿನೊಳಗೆ ಗೋಡೆ ಎಬ್ಬಿಸಿದ ಹಾಗೆ, ಇವರ ಕೂಗು ಅವರಿಗೆ ಕೇಳಿಸುವುದಿಲ್ಲ. ಅದಕ್ಕೆ ಮ್ಯಾನೇಜ್ಡ್ ಸ್ವಿಚ್ ಬೇಕು. ಹೊಸದೇ ಆಗಬೇಕಿಲ್ಲ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ, ಅದೇ ಸಿಟಿಸಿಯಲ್ಲಿ, ಕಚೇರಿಗಳಿಂದ ಬಿಚ್ಚಿ ತಂದದ್ದು ಸಿಗುತ್ತೆ. ಸ್ಪ್ಯಾನಿಂಗ್ ಟ್ರೀ, ಬ್ರಾಡ್‌ಕಾಸ್ಟಿಗೆ ಮಿತಿ ಹಾಕುವ ಸ್ಟಾರ್ಮ್ ಕಂಟ್ರೋಲ್, ಎರಡೂ ಇರುವುದನ್ನು ನಾನೇ ನೋಡಿ ಹೇಳುತ್ತೇನೆ. ಚೌಕಾಶಿ ನಿಮ್ಮದು.

— ಸಿಟಿಸಿದಾಗ ಚೌಕಾಶಿ ಮಾಡ್ಲಿಕ್ಕ ಉರ್ದು ಬೇಕು, ಅದು ನನ್ನ ಕಡಿ ಅದ. ಮತ್ತ ಈ ಟೇಬಲ್ ತೆಳಗಿನ ಡಬ್ಬಿ?

— ಅದನ್ನು ಬಿಸಾಡಿ. ರಿಸೆಪ್ಷನ್ನಿಗೆ ಒಂದೇ ಕೇಬಲ್ ಸಾಕು, ಗೋಡೆಯಿಂದ ನೇರ ಫೋನಿಗೋ ಲ್ಯಾಪ್‌ಟಾಪಿಗೋ. ಬೇಕೇ ಬೇಕು ಅಂದರೆ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಚಿಕ್ಕ ಸ್ವಿಚ್ ಸಿಗುತ್ತೆ. ಲೂಪ್ ಆದರೆ ತಾನೇ ಬಾಗಿಲು ಮುಚ್ಚುವಂಥದ್ದು ಕೊಡಿ ಅಂತ ಕೇಳಿ, ಡಬ್ಬದ ಮೇಲೆ ಬರೆದಿರುತ್ತೆ.

— ಸಾಹೇಬರಿಗಿ ಏನ್ ಹೇಳ್ಲಿ? ಆ ಎಸ್ಟಿಮೇಟ್ ಇನ್ನೂ ಟೇಬಲ್ ಮ್ಯಾಲೇ ಅದ.

— ಗೋಡೆಯ ಕೇಬಲ್ ಚೆನ್ನಾಗಿದೆ, ದೊಡ್ಡ ಸ್ವಿಚ್ ಚೆನ್ನಾಗಿದೆ, ಒಂದು ಮೀಟರಿನ ಕೇಬಲ್ ಕಿತ್ತದ್ದಕ್ಕೆ ಸರಿಯಾಯಿತು ಅಂತ ಹೇಳಿ.

— ನಂಬಂಗಿಲ್ಲ ಅವರು. ಆ ಕೇಬಲ್ ಕೊಡು ಇಲ್ಲಿ, ಕೈಯಾಗ ಹಿಡಕೊಂಡೇ ಹೋಗ್ತೀನಿ. ಮತ್ತ ಆ ಸೆಕೆಂಡ್‌ಹ್ಯಾಂಡ್ ಸ್ವಿಚ್ ಬಿಲ್ ಯಾವ ಖಾತೆಗಿ ಹಾಕ್ಲಿ? ರಿಪೇರಿಗೋ, ಆಸ್ತಿಗೋ?

— ಇದು ಆಡಿಟರ್ ಆಫೀಸು ಕಾಕಾ. ಅದನ್ನು ನನ್ನನ್ನು ಕೇಳುತ್ತೀರಾ?